ಪಾಮೋಲಿನ್ ಡಬ್ಬ ಮತ್ತು ನಮ್ಮ ಬಾಣಲೆ: ಮುಂಬಯಿಯ ಕನ್ನಡಿಗ ಹೋಟೆಲ್ ಮಾಲೀಕರಿಗೊಂದು ಬಹಿರಂಗ ಪತ್ರ

ಮಾಟುಂಗಾದಿಂದ ಡೊಂಬಿವಲಿಯವರೆಗೆ, ಫೋರ್ಟಿನಿಂದ ವಾಶಿ-ಪನವೇಲಿನವರೆಗೆ ಉಡುಪಿ ಹೋಟೆಲು, ಕ್ಯಾಂಟೀನು, ಕೇಟರಿಂಗ್ ನಡೆಸುತ್ತಿರುವ ಮಾಲೀಕರಿಗೆ, ಒಲೆಯ ಮುಂದೆ ನಿಲ್ಲುವ ಭಟ್ಟರಿಗೆ, ಹಬ್ಬ-ಸಮಾರಂಭಗಳಲ್ಲಿ ನೂರಾರು ಎಲೆ ಹಾಕಿಸುವ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ಖಾದ್ಯ ತೈಲದ ಶುದ್ಧೀಕರಣ, ಪರೀಕ್ಷೆ, ಖರೀದಿ ಈ ಕೆಲಸಗಳಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪಾಮ್ ಎಣ್ಣೆಯಿಂದ ಕಾಡು ಹಾಳಾಗುತ್ತಿದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿದೆ. ಹೋಟೆಲಿಗೆ ಬರುವ ಗಿರಾಕಿಗಳೂ ಈಗ ‘ಯಾವ ಎಣ್ಣೆ ಹಾಕ್ತೀರಿ?’ ಎಂದು ಕೇಳುತ್ತಾರೆ. ಅದಕ್ಕೆ ಹೆದರಿ ಪಾಮೋಲಿನ್ (ಪಾಮ್ ಎಣ್ಣೆಯ ತೆಳು ಭಾಗ) ನಿಲ್ಲಿಸಿ ಮರುದಿನವೇ ಸೋಯಾ ಅಥವಾ ಸೂರ್ಯಕಾಂತಿಯ ಡಬ್ಬ ತರಿಸಿದರೆ ಕಾಡು ಉಳಿಯುವುದಿಲ್ಲ. ಏಕೆ ಎಂಬುದನ್ನೂ ಅದರ ಬದಲು ಏನು ಮಾಡಬಹುದು ಎಂಬುದನ್ನೂ ಲೆಕ್ಕ ಹಿಡಿದು ಹೇಳುತ್ತೇವೆ.

ಪಾಮ್ ಎಣ್ಣೆ ಕೊಡುವ ಎಣ್ಣೆ ತಾಳೆ ಪಶ್ಚಿಮ ಆಫ್ರಿಕಾದ ಮರ. ನೆಟ್ಟ ಮೂರನೇ ವರ್ಷಕ್ಕೆ ಗೊನೆ ಬಿಡಲು ಶುರುಮಾಡಿ ಇಪ್ಪತ್ತೈದು ವರ್ಷ ಫಲ ಕೊಡುತ್ತದೆ. ಒಳ್ಳೆಯ ತೋಟದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 3.5ರಿಂದ 4 ಟನ್ ಎಣ್ಣೆ. ಅಷ್ಟೇ ನೆಲದಲ್ಲಿ ಸೋಯಾದಿಂದ ಸಿಗುವುದು ಅರ್ಧ ಟನ್ನಿಗೂ ಕಡಿಮೆ, ಸೂರ್ಯಕಾಂತಿಯಿಂದ ಮುಕ್ಕಾಲು ಟನ್ ಆಸುಪಾಸು. ದಿನಕ್ಕೆ 15 ಕೆಜಿಯ ಒಂದು ಡಬ್ಬ ಖಾಲಿ ಮಾಡುವ ಹೋಟೆಲಿಗೆ ವರ್ಷಕ್ಕೆ ಸುಮಾರು 5.5 ಟನ್ ಎಣ್ಣೆ ಬೇಕು. ಅಂದರೆ ಎಲ್ಲೋ ಸುಮಾತ್ರಾದಲ್ಲೋ ಬೋರ್ನಿಯೋದಲ್ಲೋ ಸುಮಾರು ನಾಲ್ಕು ಎಕರೆ ತಾಳೆ ತೋಟ ಇಡೀ ವರ್ಷ ಆ ಒಂದು ಬಾಣಲೆಗಾಗಿಯೇ ಫಲ ಬಿಡುತ್ತಿರುತ್ತದೆ. ಅದೇ ಹೋಟೆಲು ಸೋಯಾ ಎಣ್ಣೆಗೆ ತಿರುಗಿದರೆ ಬೇಕಾಗುವ ಹೊಲ ಮೂವತ್ತು ಎಕರೆ.

ಇದನ್ನೇ ದೇಶದ ಅಳತೆಗೆ ಹಿಗ್ಗಿಸಿ ನೋಡಿ. ಭಾರತ 2023-24ರಲ್ಲಿ ಸುಮಾರು 90 ಲಕ್ಷ ಟನ್ ಪಾಮ್ ಎಣ್ಣೆ ತರಿಸಿಕೊಂಡಿತು. ಅಷ್ಟನ್ನೂ ಸೋಯಾದಿಂದ ತೆಗೆಯಲು 200 ಲಕ್ಷ ಹೆಕ್ಟೇರ್ ಬೇಕು. ಇಡೀ ಕರ್ನಾಟಕದ ವಿಸ್ತೀರ್ಣವೇ 192 ಲಕ್ಷ ಹೆಕ್ಟೇರ್. ಸೋಯಾ ಬೆಳೆದರೆ ಎಣ್ಣೆಯ ಜೊತೆಗೆ ಹಿಂಡಿಯೂ ಸಿಗುತ್ತದೆ, ಆ ಹೊಲವನ್ನೆಲ್ಲ ಎಣ್ಣೆಯ ಲೆಕ್ಕಕ್ಕೇ ಬರೆಯುವುದು ಪೂರ್ತಿ ನ್ಯಾಯವಲ್ಲ. ಆದರೂ ಅಂತರ ಎಷ್ಟೆಂಬುದು ಕಾಣುತ್ತದೆ. ಆ ಹೊಲಕ್ಕಾಗಿ ದಕ್ಷಿಣ ಅಮೆರಿಕದಲ್ಲಿ ಮತ್ತೊಂದು ಕಾಡು ಹೋಗುತ್ತದೆ.

ಹಾಗಾದರೆ ತಾಳೆಯ ತಪ್ಪೇನು? ತಪ್ಪಿರುವುದು ಅದನ್ನು ನೆಟ್ಟ ಜಾಗದಲ್ಲಿ. ಜಗತ್ತಿನ ಪಾಮ್ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ ಬರುತ್ತದೆ. ಅಲ್ಲಿನ ತಗ್ಗು ಕಾಡುಗಳೇ ಒರಾಂಗುಟಾನಿನ ಮನೆ. ಸುಮಾತ್ರಾದ ಲ್ಯೂಸರ್ ಪ್ರದೇಶದಲ್ಲಿ ಆನೆ, ಹುಲಿ, ಘೇಂಡಾಮೃಗ, ಒರಾಂಗುಟಾನ್ ನಾಲ್ಕೂ ಇನ್ನೂ ಒಂದೇ ಕಾಡಿನಲ್ಲಿ ಬಾಳುತ್ತಿವೆ. ಬೇರೆಲ್ಲೂ ಹಾಗಿಲ್ಲ.

ಕಾಡಿಗಿಂತಲೂ ಕಣ್ಣಿಗೆ ಬೀಳದ ಸಂಗತಿ ಪೀಟ್ ನೆಲ. ಸಾವಿರಾರು ವರ್ಷ ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯದೆ, ಒಂದರ ಮೇಲೊಂದು ಕೂತ ಎಲೆ-ಬೇರುಗಳ ಪದರ ಅದು. ಕೆಲವು ಕಡೆ ಹತ್ತು ಮೀಟರ್ ಆಳವಿದೆ. ತಾಳೆಯ ಬೇರು ನೀರಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಕಾಲುವೆ ತೋಡಿ ನೀರನ್ನು ಎರಡಡಿಗೂ ಹೆಚ್ಚು ಕೆಳಗಿಳಿಸುತ್ತಾರೆ. ಗಾಳಿ ತಾಗಿದ ಪದರ ಕೊಳೆಯತೊಡಗುತ್ತದೆ, ನೆಲ ವರ್ಷ ವರ್ಷ ಕುಸಿಯುತ್ತದೆ, ಹೆಕ್ಟೇರಿಗೆ ವರ್ಷಕ್ಕೆ 40 ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದನ್ನು ಅಲ್ಲಿ ಸಿಗುವ 3.5 ಟನ್ ಎಣ್ಣೆಗೆ ಹಂಚಿದರೆ ಕೆಜಿಗೆ 11 ಕೆಜಿಗೂ ಮಿಕ್ಕಿತು, 15 ಕೆಜಿ ಡಬ್ಬಕ್ಕೆ 170 ಕೆಜಿ. ಕಾಡು ಕಡಿಯದೆ, ಹಳೆಯ ರಬ್ಬರ್ ತೋಟದ ಗಟ್ಟಿ ಮಣ್ಣಿನಲ್ಲಿ ಬೆಳೆದ ತಾಳೆಗೆ ಈ ಹೊರೆ ಇಲ್ಲ. ಡಬ್ಬ ಎರಡೂ ಒಂದೇ, ಬೆಲೆಯೂ ಒಂದೇ, ರುಚಿಯೂ ಒಂದೇ. ನಮ್ಮನ್ನು ಅತಿಯಾಗಿ ಕಾಡುವುದು ಇದೇ. ಒಣಗಿದ ಪೀಟಿಗೆ ಬೆಂಕಿ ಬಿದ್ದರೆ ಅದು ನೆಲದೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟು ಹೊಗೆ ಸಿಂಗಪುರ, ಮಲೇಷ್ಯಾಗಳನ್ನೂ ಮುಚ್ಚಿತು. ಆ ಬೆಂಕಿಯೆಲ್ಲ ತಾಳೆಯದಲ್ಲ, ಕಾಗದದ ಮರದ ತೋಟಗಳದ್ದೂ ಇತ್ತು. ಆದರೆ ತಾಳೆಗಾಗಿ ತೋಡಿದ ಕಾಲುವೆಗಳ ಪಾಲು ಅದರಲ್ಲಿ ಚಿಕ್ಕದಲ್ಲ.

ನಮ್ಮಲ್ಲೇ ಬೆಳೆದುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ಎಣ್ಣೆ ತಾಳೆ ಮಿಷನ್ ಘೋಷಿಸಿತು, ಈಶಾನ್ಯ ರಾಜ್ಯಗಳಿಗೂ ಅಂಡಮಾನಿಗೂ ಒತ್ತು ಕೊಟ್ಟಿತು. ಮಳೆಕಾಡಿರುವ ಆ ಎರಡು ಕಡೆಗಳಲ್ಲೇ ನೆಡಹೊರಟರೆ ಸುಮಾತ್ರಾದ ತಪ್ಪನ್ನು ಮನೆಯಲ್ಲೇ ಮಾಡಿದಂತೆ. ಕರ್ನಾಟಕ, ಆಂಧ್ರದ ನೀರಾವರಿ ಹೊಲದಲ್ಲಿ ಕಾಡಿನ ಪ್ರಶ್ನೆ ಏಳುವುದಿಲ್ಲ, ಅಲ್ಲಿ ನೀರಿನದೇ ಪ್ರಶ್ನೆ. ಒಂಬತ್ತು ಮೀಟರ್ ಅಂತರದ ತ್ರಿಕೋನ ನಾಟಿಯಲ್ಲಿ ಹೆಕ್ಟೇರಿಗೆ 143 ಮರ. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 200 ಲೀಟರ್ ಹಿಡಿದರೂ 28,600 ಲೀಟರ್. ಕೊಯ್ದ ಗೊನೆ 24 ಗಂಟೆಯೊಳಗೆ ಗಿರಣಿ ಸೇರದಿದ್ದರೆ ಹಣ್ಣಿನಲ್ಲೇ ಇರುವ ಕಿಣ್ವ ಎಣ್ಣೆಯನ್ನು ಒಡೆದು ಹುಳಿಯಾಗಿಸುತ್ತದೆ. ಹತ್ತಿರದಲ್ಲಿ ಗಿರಣಿ ಇಲ್ಲದ ರೈತ ಕೈಸುಟ್ಟುಕೊಳ್ಳುತ್ತಾನೆ.

ಇನ್ನು ಬಾಣಲೆಗೆ ಬರೋಣ. ಮಾಲೀಕರೇ, ಇಲ್ಲಿ ತುಸು ಸಾವಧಾನದಿಂದ ಓದಿ. ಭಟ್ಟರಿಗೂ ಓದಿ ಹೇಳಿ. ಹೋಟೆಲಿನಲ್ಲಿ ಎಣ್ಣೆ ಎರಡು ದಾರಿಯಲ್ಲಿ ಖರ್ಚಾಗುತ್ತದೆ: ವಡೆಯೊಳಗೆ ಹೋಗುವುದು ಒಂದು, ಹಾಳಾಗಿ ಚೆಲ್ಲುವುದು ಇನ್ನೊಂದು. ಎರಡನ್ನೂ ತಗ್ಗಿಸಲು ಬರುತ್ತದೆ.

ಮೊದಲನೆಯದು ಬಾಣಲೆಯ ಗಾತ್ರ. 12 ಕೆಜಿ ಎಣ್ಣೆ ಹಿಡಿಯುವ ಬಾಣಲೆಯಲ್ಲಿ ದಿನಕ್ಕೆ 4 ಕೆಜಿ ವಡೆ-ಪೂರಿಗೆ ಹೋಗಿ, ಅಷ್ಟೇ ಹೊಸ ಎಣ್ಣೆ ಬಿದ್ದರೆ ಆ ಎಣ್ಣೆ ಬಹಳ ದಿನ ಕೆಡದೆ ನಿಲ್ಲುತ್ತದೆ. ಅದೇ ಬಾಣಲೆಯಲ್ಲಿ ದಿನಕ್ಕೆ 1 ಕೆಜಿ ಮಾತ್ರ ಖರ್ಚಾದರೆ ಹಳೆಯದು ಹನ್ನೆರಡು ದಿನ ಅಲ್ಲೇ ಕಾದು ಕಾದು ಕೆಟ್ಟು, ಮೇಲೆ ಸುರಿದ ಹೊಸದನ್ನೂ ಕೆಡಿಸುತ್ತದೆ. ಗಿರಾಕಿ ಕಡಿಮೆಯಿರುವ ಮಧ್ಯಾಹ್ನ ಮೂರರಿಂದ ಐದರವರೆಗೆ ದೊಡ್ಡ ಬಾಣಲೆ ಇಳಿಸಿ 3-4 ಕೆಜಿಯ ಸಣ್ಣದನ್ನು ಏರಿಸಿ. ಬಾಣಲೆ ಅಗಲಕ್ಕಿಂತ ಆಳವಾಗಿರಲಿ. ಬಾಯಿ ಅಗಲವಾದಷ್ಟೂ ಗಾಳಿ ತಾಗುವ ಮೈ ಹೆಚ್ಚು.

ಎರಡನೆಯದು ಕಾವು. ಉದ್ದಿನ ವಡೆಗೆ 170-175 ಡಿಗ್ರಿ ಸೆಲ್ಸಿಯಸ್, ಪೂರಿಗೆ ಇನ್ನೂ ಹತ್ತು ಹೆಚ್ಚು. ಅದಕ್ಕೂ ಮೇಲೇರಿದರೆ ಪ್ರತಿ ಹತ್ತು ಡಿಗ್ರಿಗೆ ಎಣ್ಣೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾವು ಕಡಿಮೆಯಾದರೆ ತೊಗಟೆ ಕಟ್ಟುವುದು ತಡವಾಗಿ ವಡೆ ಎಣ್ಣೆ ಕುಡಿಯುತ್ತದೆ. ಗಿರಾಕಿಗಳ ನೂಕುನುಗ್ಗಲಲ್ಲಿ ಒಂದೇ ಸಲಕ್ಕೆ ಬಾಣಲೆ ತುಂಬ ವಡೆ ಬಿಡುವುದರಿಂದ ಆಗುವುದೂ ಇದೇ. ಕಾವು ಕುಸಿಯುತ್ತದೆ, ಭಟ್ಟರು ಉರಿ ಏರಿಸುತ್ತಾರೆ, ಆ ಒಬ್ಬೆ ತೆಗೆಯುವ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತದೆ. 6 ಕೆಜಿ ಎಣ್ಣೆಗೆ ಒಂದು ಸಲಕ್ಕೆ 1 ಕೆಜಿಗಿಂತ ಹೆಚ್ಚು ಬಿಡಬೇಡಿ. 250 ಡಿಗ್ರಿವರೆಗೆ ತೋರಿಸುವ ಸ್ಟೀಲ್ ಥರ್ಮಾಮೀಟರ್ ಒಂದನ್ನು ಬಾಣಲೆಯ ಅಂಚಿಗೆ ಸಿಕ್ಕಿಸಿ. ಎಷ್ಟು ವರ್ಷದ ಅನುಭವವಿದ್ದರೂ ಕಣ್ಣಿಗೆ 175 ಯಾವುದು, 195 ಯಾವುದು ಎಂದು ಖಚಿತವಾಗಿ ತಿಳಿಯುವುದಿಲ್ಲ.

ಮೂರನೆಯದು ಎಣ್ಣೆಗೆ ಬೀಳಬಾರದ್ದು. ತೇಲುವ ಹಿಟ್ಟಿನ ಚೂರು ಸುಟ್ಟು ಎಣ್ಣೆಯನ್ನು ಕಪ್ಪಾಗಿಸುತ್ತದೆ, ಪ್ರತಿ ಒಬ್ಬೆಗೂ ಜಾಲರಿಯಿಂದ ತೆಗೆಯಿರಿ. ಉಪ್ಪನ್ನು ಬಾಣಲೆಯ ಮೇಲೆ ಹಿಡಿದು ಉದುರಿಸಬೇಡಿ. ಹಿತ್ತಾಳೆ, ತಾಮ್ರದ ಸೌಟು-ಜಾಲರಿ ಬಿಟ್ಟುಬಿಡಿ: ತಾಮ್ರದ ಲವಲೇಶವೂ ಎಣ್ಣೆ ಕಮಟಾಗುವುದನ್ನು ಜೋರುಮಾಡುತ್ತದೆ. ಕಬ್ಬಿಣದ ಬಾಣಲೆಯನ್ನು ದಿನಾ ರಾತ್ರಿ ಬೆಳ್ಳಗಾಗುವಷ್ಟು ಉಜ್ಜಿದರೆ ಹೊಸ ಕಬ್ಬಿಣ ಬಯಲಾಗುತ್ತದೆ, ಅದೂ ಒಳ್ಳೆಯದಲ್ಲ. ತೊಳೆದ ಸೋಪಿನ ಅಂಶ ಉಳಿದರೆ ಮರುದಿನ ಎಣ್ಣೆ ನೊರೆಯುಕ್ಕುತ್ತದೆ. ಗೋಳಿಬಜೆ, ಬೋಂಡಾ ಹಿಟ್ಟಿನ ಸೋಡಾದ್ದೂ ಇದೇ ಕತೆ. ಸೋಡಾ ಕ್ಷಾರ, ಹಳೆಯ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಇರುತ್ತದೆ, ಎರಡೂ ಸೇರಿದರೆ ಬಾಣಲೆಯಲ್ಲೇ ಸಾಬೂನು. ಆದ್ದರಿಂದ ಗೋಳಿಬಜೆಗೆ ಬೇರೆ ಬಾಣಲೆ ಇಡಿ. ಅದಾಗದಿದ್ದರೆ ವಡೆ, ಪೂರಿ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಕರಿಯಿರಿ.

ರಾತ್ರಿ ಒಲೆ ಆರಿಸಿದ ಮೇಲೆ ಎಣ್ಣೆ 60-70 ಡಿಗ್ರಿಗೆ ಇಳಿಯುವವರೆಗೆ ಕಾದು, ಇಮ್ಮಡಿ ಮಾಡಿದ ಮಲ್ ಬಟ್ಟೆಯಲ್ಲಿ ಸೋಸಿ, ಕಿರಿದಾದ ಬಾಯಿಯ ಸ್ಟೀಲ್ ಪಾತ್ರೆಗೆ ಅಂಚಿನವರೆಗೆ ತುಂಬಿ ಮುಚ್ಚಿಡಿ. ಪೂರ್ತಿ ತಣ್ಣಗಾದರೆ ಸೋಸಲು ಹೊತ್ತು ಹಿಡಿಯುತ್ತದೆ, ಬಿಸಿ ಹೆಚ್ಚಿದ್ದರೆ ಕೈ ಸುಡುತ್ತದೆ. ಪಾತ್ರೆಯಲ್ಲಿ ನೀರಿನ ಹನಿಯೂ ಇರಕೂಡದು.

ಎಣ್ಣೆ ಯಾವಾಗ ಚೆಲ್ಲಬೇಕು ಎಂಬುದಕ್ಕೆ ಕಾನೂನೇ ಅಳತೆ ಕೊಟ್ಟಿದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ 2018ರ ಜುಲೈ 1ರಿಂದ, ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಕಾದು ಕಾದು ಎಣ್ಣೆ ಒಡೆದಾಗ ಹೆಚ್ಚುವ ಅಂಶ) ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಇದನ್ನು ಅಳೆಯುವ ಕೈಮೀಟರ್ ಸಿಗುತ್ತದೆ, ಬಿಸಿ ಎಣ್ಣೆಯಲ್ಲಿ ಅದ್ದಿದರೆ ಅರೆ ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಒಂದು ಹೋಟೆಲಿಗೆ ದುಬಾರಿಯೆನಿಸಿದರೆ ಒಂದೇ ಬೀದಿಯ ನಾಲ್ಕೈದು ಹೋಟೆಲಿನವರು ಸೇರಿ ಕೊಳ್ಳಿ. ಇಲ್ಲೊಂದು ಎಚ್ಚರಿಕೆ: ಹೊಸ ಪಾಮೋಲಿನ್‌ನಲ್ಲೇ ಡೈಗ್ಲಿಸರೈಡ್ ಎಂಬ ಪೋಲಾರ್ ಅಂಶ ಹೆಚ್ಚಿರುವುದರಿಂದ ಡಬ್ಬ ಒಡೆದ ದಿನವೇ ಮೀಟರ್ ಬೇರೆ ಎಣ್ಣೆಗಳಿಗಿಂತ ಮೇಲಿನ ಅಂಕಿ ತೋರಿಸುತ್ತದೆ. ಪ್ರತಿ ಹೊಸ ಡಬ್ಬದ ಮೊದಲ ಅಂಕಿ ಬರೆದಿಟ್ಟುಕೊಂಡು ಅಲ್ಲಿಂದ ಏರಿಕೆ ಎಣಿಸಿ. ಬಣ್ಣ ನೋಡಿ ನಿರ್ಧರಿಸಿದರೆ ಎರಡೂ ಕಡೆ ತಪ್ಪಾಗುತ್ತದೆ. ಹಿಟ್ಟಿನ ಚೂರಿನಿಂದ ಕಪ್ಪಾದ ಒಳ್ಳೆಯ ಎಣ್ಣೆ ಚರಂಡಿ ಸೇರುತ್ತದೆ, ತಿಳಿಯಾಗಿ ಕಾಣುವ ಕೆಟ್ಟದ್ದು ತಟ್ಟೆಗೆ ಬರುತ್ತದೆ.

ಇಷ್ಟನ್ನು ಹಿಡಿತಕ್ಕೆ ತಂದ ಮೇಲೆಯೇ ಎಣ್ಣೆ ಬದಲಿಸುವ ಮಾತು. ನಮ್ಮ ಮೊದಲ ಆಯ್ಕೆ ತೌಡಿನ ಎಣ್ಣೆ. ಅಕ್ಕಿ ಹೇಗೂ ಬೆಳೆಯುತ್ತೇವೆ, ತೌಡು ಹೇಗೂ ಬೀಳುತ್ತದೆ, ಅದರಲ್ಲಿ ಶೇ. 15ರಿಂದ 20 ಎಣ್ಣೆಯಿದೆ. ಇದಕ್ಕಾಗಿ ಒಂದು ಗುಂಟೆ ಹೊಸ ನೆಲವೂ ಬೇಡ. ಗಂಗಾವತಿ, ಸಿಂಧನೂರಿನ ಗಿರಣಿಗಳಿಂದ ಹಿಡಿದು ಇತ್ತ ಗೊಂದಿಯಾ, ಭಂಡಾರದವರೆಗೂ ತೌಡಿದೆ. ಆದರೆ ತೌಡಿಗೂ ತಾಳೆ ಹಣ್ಣಿನದೇ ರೋಗ: ಗಿರಣಿಯಿಂದ ಬಿದ್ದ ಗಳಿಗೆಯಿಂದ ಅದರ ಕಿಣ್ವ ಎಣ್ಣೆಯನ್ನು ಒಡೆಯುತ್ತದೆ. ಹಬೆ ಕೊಟ್ಟು ಅದನ್ನು ತಡೆಯದೆ ದಿನಗಟ್ಟಲೆ ಚೀಲದಲ್ಲಿಟ್ಟರೆ ಆ ಎಣ್ಣೆ ಸಾಬೂನಿಗೇ ಹೋಗಬೇಕು. ದೇಶದ ತೌಡೆಲ್ಲ ಬಾಣಲೆಗೆ ಬಾರದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ತೌಡಿನ ಎಣ್ಣೆ 230 ಡಿಗ್ರಿ ಆಸುಪಾಸಿನವರೆಗೆ ಹೊಗೆಯಾಡುವುದಿಲ್ಲ, ಕರಿಯಲು ಚೆನ್ನಾಗಿ ತಾಳುತ್ತದೆ. ಭಟ್ಟರು ದೂರುವುದು ಅದರ ಬಣ್ಣವನ್ನು. ಡಬ್ಬದಲ್ಲೇ ತುಸು ಕೆಂಪಗಿರುತ್ತದೆ, ಪಾಮೋಲಿನ್‌ಗಿಂತ ಬೇಗ ಗಾಢವಾಗುತ್ತದೆ. ಆದ್ದರಿಂದಲೇ ಮೀಟರ್ ಬೇಕೆಂದದ್ದು. ಮೊದಲ ತಿಂಗಳು ಒಗ್ಗರಣೆ, ದೋಸೆ ಕಾವಲಿ, ಪಲ್ಯಗಳಿಗೆ ಮಾತ್ರ ಇದನ್ನು ಬಳಸಿ. ಅಲ್ಲಿ ರುಚಿಯ ವ್ಯತ್ಯಾಸ ಯಾರಿಗೂ ತಿಳಿಯದು. ಎರಡನೇ ತಿಂಗಳು ಕರಿಯುವ ಬಾಣಲೆಗೆ ಅರ್ಧ ತೌಡಿನದು, ಅರ್ಧ ಪಾಮೋಲಿನ್. ನೊರೆ, ವಾಸನೆ, ವಡೆಯ ಗರಿಗರಿ ಮೂರನ್ನೂ ಒಂದು ವಾರ ಗಮನಿಸಿ ಮುಂದುವರಿಯಿರಿ.

ಹತ್ತಿಬೀಜದ ಎಣ್ಣೆಗೂ ಬೇರೆ ಹೊಲ ಬೇಡ. ಮರಾಠಿಗರು ಸರಕಿ ತೇಲ್, ಗುಜರಾತಿಗಳು ಕಪಾಸಿಯಾ ತೇಲ್ ಎನ್ನುತ್ತಾರೆ. ಫರಸಾಣ್ (ಕರಿದ ಕುರುಕಲು ತಿಂಡಿ) ಮಾಡುವ ಗುಜರಾತಿಗಳಿಗೆ ಇದು ತಲೆಮಾರುಗಳಿಂದ ಗೊತ್ತು. ಬೀಜದ ಗಾಸಿಪಾಲ್ ಎಂಬ ವಿಷ ತೆಗೆಯಬೇಕಾದ್ದರಿಂದ ರಿಫೈನ್ಡ್ ಆದದ್ದನ್ನೇ ಕೊಳ್ಳಬೇಕು, ಗಾಣದ್ದು ಬೇಡವೇ ಬೇಡ. ತೌಡಿನದಕ್ಕಿಂತ ಇದು ಬಾಣಲೆಯ ಅಂಚಿಗೆ ಹೆಚ್ಚು ಅಂಟುಗಟ್ಟುತ್ತದೆ, ಆ ಅಂಟನ್ನು ದಿನಾ ಒರೆಸಿ ತೆಗೆಯಬೇಕು. ಶೇಂಗಾ ಎಣ್ಣೆ ಕರಿಯಲು ಉತ್ತಮ, ದರವೇ ಅಡ್ಡಿ. ಚಟ್ನಿಯ ಒಗ್ಗರಣೆಗೆ, ವಿಶೇಷ ತಿನಿಸಿಗೆ ಇಟ್ಟುಕೊಳ್ಳಿ.

ತುಳುನಾಡಿನವರು ತೆಂಗಿನೆಣ್ಣೆಯ ಮಾತೆತ್ತದೆ ಇರುವುದಿಲ್ಲ. ಗಸಿಗೆ, ಪಲ್ಯಕ್ಕೆ ಅದಕ್ಕೆ ಸಾಟಿಯಿಲ್ಲ. ಆದರೆ ಹೋಟೆಲಿನ ಬಾಣಲೆಗೆ ಬೇಡ. ಗಾಣದ ತೆಂಗಿನೆಣ್ಣೆ 175 ಡಿಗ್ರಿಗೇ ಹೊಗೆಯಾಡತೊಡಗುತ್ತದೆ, ಹಸಿ ಹಿಟ್ಟಿನ ನೀರು ತಾಗಿ ಒಡೆದರೆ ಸಾಬೂನಿನ ರುಚಿ ಬರುತ್ತದೆ. ಇನ್ನೂ ಮುಖ್ಯವಾಗಿ, ಕರಿಯುವಾಗ ಅದನ್ನು ಬೇರೆ ಎಣ್ಣೆಗೆ ಎಂದೂ ಬೆರೆಸಬೇಡಿ. ಮಿಶ್ರಣ ಜೋರಾಗಿ ನೊರೆಯುಕ್ಕಿ ಬಾಣಲೆಯಿಂದ ಹೊರಚೆಲ್ಲುತ್ತದೆ, ಕೆಳಗೆ ಉರಿ ಇರುತ್ತದೆ.

ದರ ಹೋಲಿಸುವಾಗ ಡಬ್ಬದ ಮೇಲಿನ ಅಳತೆ ನೋಡಿ. 15 ಕೆಜಿ ಡಬ್ಬ ಬೇರೆ, 15 ಲೀಟರ್ ಡಬ್ಬ ಬೇರೆ. ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ, 15 ಲೀಟರಿನಲ್ಲಿರುವುದು 13.65 ಕೆಜಿ ಮಾತ್ರ. ಅದಕ್ಕಿಂತ ಒಳ್ಳೆಯ ಲೆಕ್ಕ, ನೂರು ವಡೆಗೆ ಎಷ್ಟು ಗ್ರಾಂ ಎಣ್ಣೆ ಖರ್ಚಾಯಿತು ಎಂಬುದು. ಚೆಲ್ಲಿದ್ದನ್ನೂ ಸೇರಿಸಿ.

ಪಾಮ್ ಪೂರ್ತಿ ಬಿಡಲಾಗದ ಜಾಗಗಳೂ ಇವೆ. ಖಾರಿ, ಪಫ್, ಬಿಸ್ಕತ್ತಿಗೆ ಗಟ್ಟಿ ಕೊಬ್ಬು ಬೇಕು, ಬೇಕರಿ ಶಾರ್ಟನಿಂಗ್‌ನಲ್ಲಿ ಇರುವುದು ಹೆಚ್ಚಾಗಿ ಪಾಮಿನ ಗಟ್ಟಿ ಭಾಗವೇ. ಮೈಸೂರುಪಾಕಿಗೆ ತುಪ್ಪ ಹಾಕಿ, ಅಷ್ಟೇ. ಉಳಿದದ್ದಕ್ಕೆ ಆರ್‌ಎಸ್‌ಪಿಒ (ಪಾಮ್ ಎಣ್ಣೆಯ ಸುಸ್ಥಿರತೆಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಪ್ರಮಾಣಪತ್ರದ ಎಣ್ಣೆ ಕೇಳಿ. 2004ರಲ್ಲಿ ಶುರುವಾದ ಈ ವ್ಯವಸ್ಥೆ 2018ರ ನವೆಂಬರಿನಲ್ಲಿ ನಿಯಮ ಬಿಗಿಮಾಡಿ, ಮುಂದೆ ಬೆಲೆಬಾಳುವ ಕಾಡು ಕಡಿದ ಜಾಗದಲ್ಲೂ ಪೀಟ್ ನೆಲದಲ್ಲೂ ಹೊಸ ತೋಟ ಕೂಡದು ಎಂದಿತು. ಅದರಲ್ಲೂ ಮಟ್ಟಗಳಿವೆ. ‘ಸೆಗ್ರಿಗೇಟೆಡ್’ ಎಂದರೆ ಪ್ರಮಾಣಿತ ತೋಟಗಳ ಎಣ್ಣೆ ಬೇರೆಯೇ ಟ್ಯಾಂಕಿನಲ್ಲಿ ಬಂದದ್ದು. ‘ಮಾಸ್ ಬ್ಯಾಲೆನ್ಸ್’ ಎಂದರೆ ಎಲ್ಲವೂ ಬೆರೆತಿದೆ, ಕಾಗದದ ಲೆಕ್ಕ ಮಾತ್ರ ಸರಿಹೊಂದಿಸಿದೆ. ಎರಡನೆಯದು ಏನೂ ಇಲ್ಲದ್ದಕ್ಕಿಂತ ಮೇಲು, ಮೊದಲನೆಯದಕ್ಕೆ ಸಮವಲ್ಲ. ಬಿಲ್ಲಿನಲ್ಲಿ ಮಟ್ಟದ ಹೆಸರೂ ಪ್ರಮಾಣಪತ್ರದ ಸಂಖ್ಯೆಯೂ ಇರಲಿ ಎಂದು ಸಗಟು ವ್ಯಾಪಾರಿಗೆ ಹೇಳಿ. ಒಬ್ಬರು ಕೇಳಿದರೆ ‘ಅದೆಲ್ಲ ಇಲ್ಲ ಶೆಟ್ರೇ’ ಎನ್ನುತ್ತಾರೆ. ಐವತ್ತು ಹೋಟೆಲು ಒಟ್ಟಾಗಿ ಬರೆದುಕೊಟ್ಟರೆ ತರಿಸುತ್ತಾರೆ. ಊರಿನ ಹೋಟೆಲಿನ ಬಂಧುಗಳಿಗೂ ಹೇಳಿ, ಮಂಗಳೂರಿನ ಪಣಂಬೂರು ಬಂದರಿಗೂ ಪಾಮ್ ಎಣ್ಣೆಯ ಹಡಗು ಬರುತ್ತದೆ.

ಒಂದೇ ಎಣ್ಣೆಗೆ ಜೋತುಬೀಳುವುದು ವ್ಯಾಪಾರಕ್ಕೂ ಅಪಾಯ. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ರಫ್ತು ನಿಲ್ಲಿಸಿತು, ಮೇ 23ರಂದು ಮತ್ತೆ ಬಿಟ್ಟಿತು. ಆ ಮೂರೂವರೆ ವಾರ ದರ ಹೇಗೆ ಕುಣಿಯಿತೆಂದು ನಿಮ್ಮ ಹಳೆಯ ಬಿಲ್ಲುಗಳೇ ಹೇಳುತ್ತವೆ.

ಕೊನೆಯದಾಗಿ ಚೆಲ್ಲುವ ಎಣ್ಣೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರು ಎಷ್ಟು ಕೊಂಡೆವು, ಎಷ್ಟು ಚೆಲ್ಲಿದೆವು, ಯಾರಿಗೆ ಕೊಟ್ಟೆವು ಎಂದು ದಾಖಲೆ ಇಡಬೇಕು, ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು ಎಂಬ ನಿಯಮ 2019ರ ಮಾರ್ಚ್ 1ರಿಂದಿದೆ. ಸಣ್ಣ ಹೋಟೆಲಿನವರೂ ಹಾಗೆಯೇ ಮಾಡಿ. ಬಿಡಿಯಾಗಿ ಕೊಳ್ಳಲು ಬರುವ ಭಂಗಾರದವರಿಗೆ (ಗುಜರಿಯವರಿಗೆ) ಕೊಟ್ಟರೆ ಆ ಎಣ್ಣೆ ಬಿಳಿಚಿಸಿಕೊಂಡು ಯಾವುದೋ ಕೈಗಾಡಿಯ ಬಾಣಲೆಗೆ ಮರಳಬಹುದು. ಮೋರಿಗೆ ಸುರಿದರೆ ಗಟ್ಟಿಯಾಗಿ ಪೈಪು ಕಟ್ಟುತ್ತದೆ. ಎಫ್‌ಎಸ್‌ಎಸ್‌ಎಐಯ ‘ರೂಕೋ’ ಯೋಜನೆಯಲ್ಲಿ ನೋಂದಾಯಿಸಿದ ಸಂಗ್ರಹಕಾರರು ಅದನ್ನು ಬಯೋಡೀಸೆಲಿಗೆ ಒಯ್ಯುತ್ತಾರೆ, ಕೆಜಿ ಲೆಕ್ಕದಲ್ಲಿ ಹಣವೂ ಕೊಡುತ್ತಾರೆ. ನೀರು, ಹಿಟ್ಟು ಬೆರೆತಿದ್ದರೆ ಅಲ್ಲಿಯೂ ಸಾಬೂನಾಗಿ ಇಳುವರಿ ತಗ್ಗುತ್ತದೆ, ದರ ಮುರಿಯುತ್ತಾರೆ. ಸೋಸಿಯೇ ತುಂಬಿ. ಹಳೆಯ ಡಬ್ಬದಲ್ಲಿ ತುಂಬುವುದಾದರೆ ಮೊದಲ ಲೇಬಲ್ ಕಿತ್ತು, ‘ಬಳಸಿದ ಎಣ್ಣೆ, ಅಡುಗೆಗಲ್ಲ’ ಎಂದು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕೆಂಪು ಬಣ್ಣದಲ್ಲಿ ಬರೆದು, ಅಡುಗೆಮನೆಯ ಹೊರಗಿಡಿ.

ಇತಿ,
ಎಣ್ಣೆಯ ಕೆಲಸದಲ್ಲಿರುವ ಮುಂಬಯಿಯ ಕೆಲವು ಕನ್ನಡಿಗರು